ಗಿರಣಿ ಸಾಲಿನ ಡಬ್ಬಿ

ನಮ್ಮೂರ ಗಿರಣಿಯಲ್ಲಿ ಯಾರೂ ಕಾಯ್ತಾ ನಿಲ್ಲುತ್ತಿರಲಿಲ್ಲ. ಜೋಳದ ಡಬ್ಬಿ ಸಾಲಿಗಿಟ್ಟು ಹೊಲಕ್ಕೆ ಹೋಗೋದು, ಸಂಜೆ ಹಿಟ್ಟು ತರೋದು. ವೆಬ್ ಆ್ಯಪಿನ ಟಾಸ್ಕ್ ಕ್ಯೂ ಅಂದ್ರೂ ಇಷ್ಟೇ: ಬಟನ್ ಒತ್ತಿದವರಿಗೆ ತಕ್ಷಣ ‘ಆಯ್ತು’ ಅಂದು, ಇಮೇಲ್ ಕಳಿಸೋ ಕೆಲಸವನ್ನು ರೆಡಿಸ್‌ನ ಸಾಲಿಗಿಡೋದು. ಹಿಂದೆ ವರ್ಕರ್ ಒಂದೊಂದೇ ಮುಗಿಸುತ್ತೆ.

ನನ್ನ ಮೊದಲ ನೌಕರಿಯಲ್ಲಿ ಒಂದು ರಾತ್ರಿ ಸರ್ವರ್ ಬಂದ್ ಆಯ್ತು. ಸೆಲೆರಿ ವರ್ಕರ್ ಕೈಲಿದ್ದ ರಸೀದಿಗಳು ಯಾರಿಗೂ ಮುಟ್ಟಲಿಲ್ಲ. ನಾವು ಬೇರೆ ಹೇಳದಿದ್ದರೆ ಸೆಲೆರಿ ಕೆಲಸ ಶುರುಮಾಡುವ ಮೊದಲೇ ಚೀಟಿ ಹರಿದುಹಾಕುತ್ತೆ ಅಂತ ಆಗ ತಿಳೀತು. ಗಿರಣಿ ಕಾಕಾ ಹಾಗಲ್ಲ; ನಡುವೆ ಕರೆಂಟ್ ಹೋದರೂ ಹಿಟ್ಟು ತುಂಬೋತನಕ ಡಬ್ಬಿ ಸಾಲಿನಿಂದ ತೆಗೀತಿರಲಿಲ್ಲ.

‘ಆ್ಯಕ್ಸ್ ಲೇಟ್’ ಹಾಕಿದೆ: ಮುಗಿದ ಮೇಲೆ ಚೀಟಿ ಹರಿ. ಆದರೆ ಹಾಗಾದಾಗ ಒಂದೇ ಕೆಲಸ ಎರಡು ಸಲ ನಡೆಯಬಹುದು. ಹಿಟ್ಟು ಎರಡು ಸಲ ಬೀಸಿದರೆ ನುಣ್ಣಗಾಗುತ್ತೆ. ರಸೀದಿ ಎರಡು ಸಲ ಹೋದರೆ ಗಿರಾಕಿ ಫೋನ್ ಮಾಡ್ತಾರೆ. ಅದಕ್ಕೇ ಈಗ ಕಳಿಸೋ ಮುಂಚೆ ‘ಹೋಗಿದೆಯಾ?’ ಅಂತ ಒಮ್ಮೆ ನೋಡಿಸ್ತೀನಿ.