ಡಬ್ಲಿನ್‌ನ ನೆಲಮಾಳಿಗೆಯಲ್ಲಿ ಬ್ಯಾಂಕಿನವರ ಹಾಜರಿ

2013ರ ಸೆಪ್ಟೆಂಬರ್. ನೀವು ಡಬ್ಲಿನ್‌ನ ಕಿಲ್ಡೇರ್ ಬೀದಿಯಲ್ಲಿದ್ದೀರಿ. ಒಂದು ಪಕ್ಕ ರಾಷ್ಟ್ರೀಯ ಗ್ರಂಥಾಲಯ, ಇನ್ನೊಂದು ಪಕ್ಕ ವಸ್ತುಸಂಗ್ರಹಾಲಯ, ನಡುವೆ ಗೇಟಿನಾಚೆ ಬೂದು ಕಲ್ಲಿನ ಲೆನ್‌ಸ್ಟರ್ ಹೌಸ್. ಹದಿನೆಂಟನೇ ಶತಮಾನದಲ್ಲಿ ಕಿಲ್ಡೇರ್‌ನ ದೊಡ್ಡ ಜಮೀನುದಾರನೊಬ್ಬ ತನಗೆಂದು ಕಟ್ಟಿಸಿಕೊಂಡ ಮನೆ ಅದು. ಈಗ ಐರ್ಲೆಂಡಿನ ಸಂಸತ್ತು. ನಿಮ್ಮ ಚೀಲ ತಪಾಸಣೆ ಯಂತ್ರದೊಳಗೆ ಹೋಗಿ ಬರುತ್ತದೆ, ಕೊರಳಿಗೆ ಪಾಸು ಬೀಳುತ್ತದೆ. ಮೇಲೆ ಸದನಗಳಿರುವ ಕಡೆ ಅಲ್ಲ, ಪಕ್ಕದ ಹೊಸ ಕಟ್ಟಡದ ಕಡೆ ನಡೆಯಿರಿ. ಅಲ್ಲಿಂದ ಮೆಟ್ಟಿಲಿಳಿಯಬೇಕು. ಸಮಿತಿ ಕೊಠಡಿಗಳು ಇರುವುದು ಕೆಳಗೆ, ಹೊರಗಿನ ಬೆಳಕು ಬಾರದ ಜಾಗದಲ್ಲಿ.

ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಎದುರಿಗೆ ಹಣಕಾಸು ಜಂಟಿ ಸಮಿತಿ. ಕೆಳಮನೆ, ಮೇಲ್ಮನೆ ಎರಡರ ಸದಸ್ಯರೂ ಇದ್ದಾರೆ. ಅಧ್ಯಕ್ಷರು ಲೇಬರ್ ಪಕ್ಷದ ಕಿಯರನ್ ಲಿಂಚ್. ಅವರಿಗೆ ಎದುರಾಗಿ ಬ್ಯಾಂಕಿನವರು: ಮುಖ್ಯಸ್ಥ, ಪಕ್ಕದಲ್ಲಿ ಸಾಲ ವಸೂಲಿ ನೋಡಿಕೊಳ್ಳುವ ಅಧಿಕಾರಿಗಳು, ಮುಂದೆ ದಪ್ಪ ಕಡತ, ನೀರಿನ ಲೋಟ. ಎಐಬಿಯ ಡೇವಿಡ್ ಡಫಿ, ಬ್ಯಾಂಕ್ ಆಫ್ ಐರ್ಲೆಂಡಿನ ರಿಚಿ ಬೌಚರ್, ಪರ್ಮನೆಂಟ್ ಟಿಎಸ್‌ಬಿಯ ಜೆರೆಮಿ ಮಾಸ್ಡಿಂಗ್, ಹೀಗೆ ಒಬ್ಬೊಬ್ಬರಾಗಿ ಈ ಕುರ್ಚಿಗೆ ಬರಬೇಕಾಗಿದೆ. ವಿಷಯ ಒಂದೇ: ಗೃಹಸಾಲದ ಕಂತು ಕಟ್ಟಲಾಗದೆ ಸುಸ್ತಿಯಾದವರನ್ನು ನೀವು ಹೇಗೆ ನಡೆಸಿಕೊಳ್ಳುತ್ತಿದ್ದೀರಿ?

ಮೊದಲು ಶಾಸ್ತ್ರ. ಮೊಬೈಲ್ ಆರಿಸಿ, ಧ್ವನಿಮುದ್ರಣಕ್ಕೆ ತೊಂದರೆಯಾಗುತ್ತದೆ ಎಂದು ಅಧ್ಯಕ್ಷರು ಹೇಳುತ್ತಾರೆ. ಆಮೇಲೆ 2009ರ ಮಾನನಷ್ಟ ಕಾಯ್ದೆಯ ಪ್ರಕಾರ ಸಾಕ್ಷಿಗಳಿಗಿರುವ ರಕ್ಷಣೆಯ ಒಕ್ಕಣೆಯನ್ನು ಗಡಗಡ ಓದುತ್ತಾರೆ. ಇಲ್ಲಿ ಆಡಿದ ಮಾತಿಗೆ ಸಾಕ್ಷಿಯ ಮೇಲೆ ದಾವೆ ಹೂಡುವಂತಿಲ್ಲ. ಸದಸ್ಯರೂ ಸದನದ ಹೊರಗಿನವರನ್ನು ಗುರುತು ಸಿಗುವಂತೆ ಹೆಸರಿಸಿ ಟೀಕಿಸಬಾರದು. ದಿನಾ ಕೇಳಿ ಕೇಳಿ ಎಲ್ಲರಿಗೂ ಬಾಯಿಪಾಠವಾದ ಸಾಲುಗಳು, ಯಾರೂ ಕಿವಿಗೊಡುವುದಿಲ್ಲ. ನೀವು ಮಾತ್ರ ಗಮನವಿಟ್ಟು ಕೇಳಿ. ಇಲ್ಲಿ ಬ್ಯಾಂಕಿಗೆ ಹೆಸರಿದೆ, ಕುರ್ಚಿಯಿದೆ, ಮೈಕಿದೆ. ಸಾಲಗಾರ ಬರುವುದು ಹೆಸರಿಲ್ಲದೆ, ತನ್ನ ಕ್ಷೇತ್ರದ ಜನಪ್ರತಿನಿಧಿಯ ಬಾಯಲ್ಲಿ ‘ನಮ್ಮ ಕಡೆಯ ಒಂದು ಕುಟುಂಬ’ವಾಗಿ.

ಮಾತು ಶುರುವಾಗುವ ಮೊದಲು ಕೋಣೆಯಲ್ಲಿರುವ ಎಲ್ಲರಿಗೂ ಗೊತ್ತಿರುವ ಹಿನ್ನೆಲೆ ನಿಮಗೂ ಗೊತ್ತಿರಲಿ. ಐರ್ಲೆಂಡಿನಲ್ಲಿ ಮನೆಗಳ ಬೆಲೆ 2007ರಲ್ಲಿ ತುದಿ ಮುಟ್ಟಿ, ಆಮೇಲೆ ಸುಮಾರು ಅರ್ಧಕ್ಕೆ ಕುಸಿದಿದೆ. 2008ರ ಸೆಪ್ಟೆಂಬರ್ ಕೊನೆಯ ರಾತ್ರಿ ಸರ್ಕಾರ ಬ್ಯಾಂಕುಗಳ ಸಾಲಕ್ಕೆಲ್ಲ ಜಾಮೀನು ನಿಂತಿತು. ಬ್ಯಾಂಕುಗಳನ್ನು ಉಳಿಸಲು ಸುರಿದದ್ದು ಸುಮಾರು 6,400 ಕೋಟಿ ಯೂರೊ. ಆಗಿನ 46 ಲಕ್ಷ ಜನರಿಗೆ ಹಂಚಿದರೆ ಮಗುವೂ ಸೇರಿ ತಲೆಗೆ 14,000 ಯೂರೊ ಹತ್ತಿರ. ಎಐಬಿ ಹೆಚ್ಚುಕಡಿಮೆ ಪೂರ್ತಿ ಸರ್ಕಾರದ ಸೊತ್ತಾಯಿತು. ಅಂದರೆ ಎದುರಿಗೆ ಕೂತ ಬ್ಯಾಂಕನ್ನು ಉಳಿಸಿದವರೂ ಅದಕ್ಕೆ ಸುಸ್ತಿದಾರರಾದವರೂ ಒಂದೇ ಜನ. ಇದೇ 2013ರ ಸೆಪ್ಟೆಂಬರ್ ಕೊನೆಗೆ ತೆಗೆದ ಲೆಕ್ಕದಲ್ಲಿ, ವಾಸದ ಮನೆಯ ಸಾಲಗಳ ಪೈಕಿ 90 ದಿನ ಮೀರಿ ಬಾಕಿ ಬಿದ್ದ ಖಾತೆಗಳು 99,000 ದಾಟುತ್ತವೆ, ಶೇ. 12.9. ನಮ್ಮ ಬ್ಯಾಂಕುಗಳು ಎನ್‌ಪಿಎ ಎಂದು ಗುರುತು ಹಾಕುವುದೂ ಅದೇ 90 ದಿನಕ್ಕೆ. ಎಂಟು ಮನೆಗೆ ಒಂದು ಮನೆ ಆ ಗೆರೆಯ ಆಚೆಗಿದ್ದರೆ ಹೇಗೆ, ಯೋಚಿಸಿ. ಮನೆಯನ್ನು ಮಾರಿದರೂ ಸಾಲ ತೀರದು. ಮೂಗಿಗಿಂತ ಮೂಗುತಿ ಭಾರ.

ಬ್ಯಾಂಕಿನವರು ತಮ್ಮ ಹೇಳಿಕೆ ಓದುವುದು ಮುಗಿಯುತ್ತದೆ. ಅದರ ಸಾರಾಂಶ: ಗುರಿ ಮುಟ್ಟಿದ್ದೇವೆ, ಮೀರಿದ್ದೇವೆ. ಯಾವ ಗುರಿ? ಗವರ್ನರ್ ಪ್ಯಾಟ್ರಿಕ್ ಹೊನೊಹನ್ ಅವರ ಕೇಂದ್ರ ಬ್ಯಾಂಕು ಮಾರ್ಚ್‌ನಲ್ಲಿ ಮುಖ್ಯ ಬ್ಯಾಂಕುಗಳಿಗೆ ಗಡುವು ಕೊಟ್ಟಿತ್ತು. ತಾತ್ಕಾಲಿಕ ತೇಪೆ ಸಾಕುಮಾಡಿ, ಬಾಳಿಕೆ ಬರುವ ಪರಿಹಾರ ಮುಂದಿಡಿ; ಸುಸ್ತಿದಾರರ ಪೈಕಿ ಜೂನ್ ಕೊನೆಗೆ ಶೇ. 20, ಸೆಪ್ಟೆಂಬರ್‌ಗೆ ಶೇ. 30, ವರ್ಷದ ಕೊನೆಗೆ ಶೇ. 50 ಮಂದಿಗೆ. ಜೂನ್ ಗುರಿ ದಾಟಿದ್ದಾಗಿದೆ ಎನ್ನುತ್ತಿದ್ದಾರೆ. ಕೋಣೆಯಲ್ಲಿ ಒಂದು ಕ್ಷಣ ಕಾಗದ ತಿರುವುವ ಸದ್ದು ಬಿಟ್ಟರೆ ಏನೂ ಇಲ್ಲ.

ಆಮೇಲೆ ಪ್ರಶ್ನೆ ಬೀಳುತ್ತದೆ. ಶಿನ್ ಫೇನ್ ಪಕ್ಷದ ಪಿಯರ್ಸ್ ಡೊಹರ್ಟಿ, ಫಿಯಾನಾ ಫಾಲ್‌ನ ಮೈಕೆಲ್ ಮಗ್ರಾ, ಪಕ್ಷೇತರ ಸ್ಟೀಫನ್ ಡೊನೆಲಿ: ಅಂಕಿ ಗೊತ್ತಿರುವವರು ಇವರು. ನೀವು ಲೆಕ್ಕಕ್ಕೆ ಹಿಡಿದ ಪರಿಹಾರಗಳಲ್ಲಿ ಎಷ್ಟು ಮಂದಿಯ ಕಂತು ಇಳಿಸಿದ್ದೀರಿ, ಎಷ್ಟು ಮಂದಿಯ ಸಾಲ ಮರುಹೊಂದಿಸಿದ್ದೀರಿ, ಎಷ್ಟು ಮಂದಿಗೆ ಬರೀ ವಕೀಲರ ಪತ್ರ ಕಳಿಸಿದ್ದೀರಿ? ಸುತ್ತಿ ಬಳಸಿದ ಉತ್ತರ ಬರುತ್ತದೆ. ಪ್ರಶ್ನೆ ಮತ್ತೆ ಬೀಳುತ್ತದೆ. ಕೊನೆಗೆ ಬಯಲಾಗುವ ಸಂಗತಿ ಇದು: ಮುಟ್ಟಿದ ಗುರಿಯಲ್ಲಿ ದೊಡ್ಡ ಪಾಲು ‘ಕೋರ್ಟಿಗೆ ಹೋಗುತ್ತೇವೆ, ಮನೆ ವಶಪಡಿಸಿಕೊಳ್ಳುತ್ತೇವೆ’ ಎಂಬ ನೋಟಿಸುಗಳದು. ನಿಯಮದ ಪ್ರಕಾರ ಅದೂ ಸಲ್ಲುತ್ತದೆ. ಬಾಳಿಕೆ ಬರುವ ಪರಿಹಾರಗಳ ಪಟ್ಟಿಯಲ್ಲಿ ಮನೆ ಬಿಟ್ಟುಕೊಡುವುದು, ಮಾರುವುದು, ಜಪ್ತಿ ಇವಕ್ಕೂ ಜಾಗವಿತ್ತಲ್ಲ!

ಆ ಪತ್ರ ಯಾರಿಗೆ ಹೋಗಿದೆ ಎಂದು ಊಹಿಸಿ. ಊಟದ ಮೇಜಿನ ಮೇಲೆ ಅದಕ್ಕೂ ಮೊದಲೇ ಬಂದ ಇನ್ನೊಂದು ಕಾಗದವಿದೆ: ಪ್ರಮಾಣಿತ ಹಣಕಾಸು ವಿವರಣೆ ಎಂಬ ಪುಟಗಟ್ಟಲೆ ನಮೂನೆ. ಗಂಡ ಹೆಂಡತಿಯ ಸಂಬಳ, ಸರ್ಕಾರದ ಭತ್ಯೆ, ದಿನಸಿ, ವಿದ್ಯುತ್ತು, ಕಾರಿನ ಪೆಟ್ರೋಲು, ಶಾಲೆ ಖರ್ಚು, ಬೇರೆ ಸಾಲ, ಎಲ್ಲವನ್ನೂ ತಿಂಗಳ ಲೆಕ್ಕದಲ್ಲಿ ಒಂದೊಂದು ಅಂಕಣಕ್ಕೆ ತುಂಬಬೇಕು. ಹೊಟ್ಟೆ ಬಟ್ಟೆಯ ಲೆಕ್ಕವನ್ನು ಕಾಣದ ಗುಮಾಸ್ತನ ಮುಂದೆ ಬಿಚ್ಚಿಡುವ ಆ ಸಂಕೋಚದಲ್ಲೇ ಎಷ್ಟೋ ಮಂದಿ ಲಕೋಟೆ ಒಡೆಯುವುದನ್ನೇ ಬಿಟ್ಟರು. ಬ್ಯಾಂಕಿನ ಕಡತದಲ್ಲಿ ಅದಕ್ಕೆ ಬೇರೆ ಷರಾ: ಗ್ರಾಹಕ ಸಹಕರಿಸುತ್ತಿಲ್ಲ. ಹಾಗೆ ಷರಾ ಬಿದ್ದರೆ, ಸುಸ್ತಿದಾರರನ್ನು ನಡೆಸಿಕೊಳ್ಳುವ ಬಗ್ಗೆ ಕೇಂದ್ರ ಬ್ಯಾಂಕು ಮಾಡಿದ ನೀತಿಸಂಹಿತೆಯ ರಕ್ಷಣೆ ತಪ್ಪುತ್ತದೆ. ಆ ಸಂಹಿತೆಯನ್ನೂ ಇದೇ ಜುಲೈಯಲ್ಲಿ ಸಡಿಲಿಸಲಾಗಿದೆ. ತಿಂಗಳಿಗೆ ಮೂರು ಬಾರಿಗಿಂತ ಹೆಚ್ಚು ತಾವಾಗಿ ಸಂಪರ್ಕಿಸಬಾರದು ಎಂದು ಬ್ಯಾಂಕಿಗಿದ್ದ ಮಿತಿ ಹೋಗಿದೆ.

ಬ್ಯಾಂಕಿನವರ ಮಾತಿನಲ್ಲಿ ಹುರುಳೇ ಇಲ್ಲ ಎನ್ನಲಾರೆ. ಕೈಯಲ್ಲಿದ್ದೂ ಕಟ್ಟದವರಿದ್ದರು. 2009ರ ಕಾಯ್ದೆಯೊಂದರ ಕರಡು ಲೋಪವನ್ನು 2011ರಲ್ಲಿ ಹೈಕೋರ್ಟು ಎತ್ತಿ ತೋರಿಸಿದ ಮೇಲೆ ಎಷ್ಟೋ ಹಳೆಯ ಸಾಲಗಳಲ್ಲಿ ಜಪ್ತಿಗೆ ದಾರಿಯೇ ಇರಲಿಲ್ಲ. ಅದನ್ನು ಸರಿಪಡಿಸಿದ್ದು 2013ರಲ್ಲಷ್ಟೆ. ಒಕ್ಕಲೆಬ್ಬಿಸುವುದೆಂದರೆ ಐರಿಷ್ ಜನಕ್ಕೆ ಹತ್ತೊಂಬತ್ತನೇ ಶತಮಾನದ ಜಮೀನುದಾರರ ನೆನಪು. ಯಾವ ಪಕ್ಷಕ್ಕೂ ಜಪ್ತಿಯ ಪರ ಗಟ್ಟಿಯಾಗಿ ಮಾತಾಡುವ ಧೈರ್ಯವಿರಲಿಲ್ಲ. ಒಳ್ಳೆಯ ಉಪಾಯಗಳೂ ಇದ್ದವು. ಸಾಲವನ್ನು ಎರಡು ಮಾಡುವುದು ಒಂದು: ಉದಾಹರಣೆಗೆ ಮೂರು ಲಕ್ಷ ಯೂರೊ ಸಾಲದಲ್ಲಿ ಕೈಲಾಗುವ 1,80,000ಕ್ಕೆ ಮಾತ್ರ ಈಗ ಕಂತು, ಉಳಿದ 1,20,000 ಬದಿಗೆ, ಅವಧಿ ಮುಗಿದಾಗ ನೋಡೋಣ. ಇಂಥವುಗಳ ಬಗ್ಗೆ ಬ್ಯಾಂಕಿನವರು ಸಮಿತಿಯ ಮುಂದೆ ಉತ್ಸಾಹದಿಂದಲೇ ಮಾತಾಡುತ್ತಾರೆ. ಆದರೆ ಮಾತೆಲ್ಲ ಒಂದು ನಂಬಿಕೆಯ ಮೇಲೆ ನಿಂತಿದೆ: ಬಾಕಿ ಎಷ್ಟು ಎಂದು ಬ್ಯಾಂಕು ಹೇಳಿದರೆ ಬಾಕಿ ಅಷ್ಟೇ. ಆ ಮೊತ್ತವೇ ಸರಿಯೇ ಎಂದು ಕೇಳುವುದು ಅಂದು ಯಾರ ಬಾಯಿಗೂ ಸುಲಭಕ್ಕೆ ಬರಲಿಲ್ಲ.

ಈಗ ನಾಲ್ಕು ವರ್ಷ ಮುಂದಕ್ಕೆ ಬನ್ನಿ. 2017ರ ಅಕ್ಟೋಬರ್, ಹಣಕಾಸು ಸಮಿತಿಯೇ. ಅಧ್ಯಕ್ಷರು ಬದಲಾಗಿದ್ದಾರೆ, ಜಾನ್ ಮೆಗಿನಿಸ್. ಸಾಕ್ಷಿಗಳ ಕುರ್ಚಿಯಲ್ಲಿ ಈ ಸಲ ಸಾಲಗಾರರು.

ಇವರದು ‘ಟ್ರ್ಯಾಕರ್’ ಸಾಲ. ಯುರೋಪಿನ ಕೇಂದ್ರ ಬ್ಯಾಂಕಿನ ದರಕ್ಕೆ ಇಷ್ಟು ಕೂಡಿಸಿ ಬಡ್ಡಿ ಎಂಬ ಕರಾರು. ನಮ್ಮ ರೆಪೊ ಜೋಡಿತ ಗೃಹಸಾಲದ ಹಾಗೆ. ಆ ದರ 2008ರ ಜುಲೈಯಲ್ಲಿ ಶೇ. 4.25 ಇದ್ದದ್ದು ಮರುವರ್ಷ ಮೇಯಲ್ಲಿ ಶೇ. 1ಕ್ಕೆ ಬಿತ್ತು. ಬ್ಯಾಂಕುಗಳಿಗೆ ಈ ಸಾಲ ನಷ್ಟದ ಬಾಬತ್ತಾಯಿತು. ಎರಡು ಮೂರು ವರ್ಷ ಸ್ಥಿರ ಬಡ್ಡಿಗೆ ಹೋಗಿದ್ದವರು ಅವಧಿ ಮುಗಿಸಿ ಹಿಂತಿರುಗಿದಾಗ, ಕರಾರಿನಂತೆ ಟ್ರ್ಯಾಕರ್ ಕೊಡದೆ ದುಬಾರಿ ದರಕ್ಕೆ ಹಾಕಿದರು. ಮೂರು ಲಕ್ಷ ಯೂರೊಗೆ ಶೇ. 2 ಹೆಚ್ಚೆಂದರೆ ತಿಂಗಳಿಗೆ 500 ಯೂರೊ. ಕೆಲಸ ಹೋದ ಮನೆಯಲ್ಲಿ, ಸಂಬಳ ಕಡಿತವಾದ ಮನೆಯಲ್ಲಿ, ಕಂತು ತಪ್ಪಲು ಅಷ್ಟು ಸಾಕು.

ಈ ಸಾಲಗಾರರು ಮಾತಾಡುವಾಗ ಸದಸ್ಯರು ನಡುವೆ ಬಾಯಿ ಹಾಕುವುದಿಲ್ಲ. ಬ್ಯಾಂಕಿನೊಂದಿಗೆ ವರ್ಷಗಟ್ಟಲೆ ನಡೆಸಿದ ಪತ್ರ ವ್ಯವಹಾರ, ಕೆಟ್ಟ ಆರೋಗ್ಯ, ಸೀಳಿದ ಸಂಸಾರ. ‘ನಿಮ್ಮದೇ ತಪ್ಪು’ ಎಂಬ ಉತ್ತರವನ್ನು ತಾವೇ ನಂಬಿಬಿಟ್ಟಿದ್ದ ಕಾಲವೊಂದಿತ್ತು ಎನ್ನುವವರ ಮುಂದೆ ಯಾವ ಅಂಕಿಯೂ ನಿಲ್ಲುವುದಿಲ್ಲ. ಅಂದಿನ ಸುದ್ದಿಯ ತುಂಬ ಅವರದೇ ಮಾತು. ಕೆಲ ದಿನಗಳಲ್ಲಿ ಹಣಕಾಸು ಸಚಿವ ಪ್ಯಾಸ್ಕಲ್ ಡೊನೊಹೊ ಬ್ಯಾಂಕು ಮುಖ್ಯಸ್ಥರನ್ನು ಕರೆಸಿಕೊಂಡರು.

ಸಮಿತಿಗೆ ದಂಡ ಹಾಕುವ ಅಧಿಕಾರವಿಲ್ಲ, ಒಂದು ಸೆಂಟ್ ಮರಳಿ ಕೊಡಿಸುವ ಅಧಿಕಾರವೂ ಇಲ್ಲ. ಆದರೂ ಬಾಧಿತರ ಸಂಖ್ಯೆ ಏನಾಯಿತು ನೋಡಿ. ಆ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಕೇಂದ್ರ ಬ್ಯಾಂಕಿನ ಲೆಕ್ಕ ಸುಮಾರು 20,000. ಡಿಸೆಂಬರ್ ಹೊತ್ತಿಗೆ 33,700. 2019ರ ಜುಲೈಯ ಅಂತಿಮ ವರದಿಯಲ್ಲಿ 40,100. ಬ್ಯಾಂಕುಗಳು ಸ್ವಂತ ಕಡತದಲ್ಲಿ ತಾವೇ ಹುಡುಕಬೇಕಾಗಿದ್ದ ಗ್ರಾಹಕರು ಇವರು. ಮರುಪಾವತಿ, ಪರಿಹಾರ ಸೇರಿ ಆಗ ಕೊಟ್ಟದ್ದು 68.3 ಕೋಟಿ ಯೂರೊ. 2013ರಲ್ಲಿ ಈ ಕೋಣೆಯ ಮುಂದೆ ಬಂದ ಸುಸ್ತಿಯ ಅಂಕಿಯಲ್ಲಿ ಒಂದು ಪಾಲನ್ನು ಹುಟ್ಟಿಸಿದ್ದು ಬ್ಯಾಂಕುಗಳೇ. ಅಂಥ ಸಾಲಗಾರನಿಗೆ ವಕೀಲರ ಪತ್ರವನ್ನೂ ಕಳಿಸಿ, ಅದನ್ನು ಪರಿಹಾರದ ಲೆಕ್ಕಕ್ಕೂ ಬರೆದುಕೊಂಡಿದ್ದರೆ ಅದಕ್ಕಿಂತ ದೊಡ್ಡ ನಾಚಿಕೆಗೇಡು ಇನ್ನೊಂದಿಲ್ಲ.

ದಂಡವೂ ಬಿತ್ತು, ನಿಧಾನವಾಗಿ. 2022ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕ್ ಆಫ್ ಐರ್ಲೆಂಡಿಗೆ ಹತ್ತು ಕೋಟಿ ಯೂರೊ ಮೀರಿದ ದಂಡ. ಅದೇ ವರ್ಷದ ಜೂನ್‌ನಲ್ಲಿ ಎಐಬಿಗೆ 8.33 ಕೋಟಿ, ಆಗಲೂ ಆ ಬ್ಯಾಂಕಿನ ಅರ್ಧಕ್ಕಿಂತ ಹೆಚ್ಚು ಷೇರು ಸರ್ಕಾರದ್ದು, ದಂಡ ಸಂದಾಯವಾದದ್ದೂ ಸರ್ಕಾರದ ಖಜಾನೆಗೆ. ಹಣಕಾಸು ಸಂಸ್ಥೆಗಳ ಹಿರಿಯ ಅಧಿಕಾರಿಗಳನ್ನು ವೈಯಕ್ತಿಕವಾಗಿ ಹೊಣೆ ಮಾಡುವ ಕಾಯ್ದೆ ಬಂದದ್ದು 2023ರಲ್ಲಿ. ಅಷ್ಟರೊಳಗೆ ಟ್ರ್ಯಾಕರ್ ಪ್ರಕರಣದಲ್ಲಿ 99 ಕುಟುಂಬಗಳು ವಾಸದ ಮನೆ ಕಳೆದುಕೊಂಡಾಗಿತ್ತು.