ಚೂಪು ಮೂಲೆ

ಕಳೆದ ಚಳಿಗಾಲ ಅಮೆರಿಕದ ಒಹಾಯೊದಲ್ಲಿರುವ ಮಗಳ ಮನೆಯಲ್ಲಿದ್ದೆ. ಹೊರಗೆ ಹಿಮ, ಒಳಗೆ ಮೌನ. ಹತ್ತು ವರ್ಷದ ಮೊಮ್ಮಗ ನನ್ನ ಕನ್ನಡದ ಪ್ರಶ್ನೆಗಳಿಗೆಲ್ಲ ಇಂಗ್ಲಿಷಿನಲ್ಲಿ ಒಂದೇ ಪದ ಉತ್ತರಿಸಿ ತನ್ನ ಕೋಣೆ ಸೇರುತ್ತಿದ್ದ. ತಿಂಗಳಾದರೂ ಮಾತು ಬೆಳೆಯಲಿಲ್ಲ.

ಪಕ್ಕದ ಮನೆಯ ಹಿರಿಯರು ಗ್ಯಾರೇಜಿನಲ್ಲಿ ಪೂಲ್ ಆಟದ ಕೋಲು ತಯಾರಿಸುತ್ತಿದ್ದರು. ಮೇಜಿನ ಮೇಲಿನ ಬಣ್ಣದ ಚೆಂಡುಗಳನ್ನು ಕೋಲಿನಿಂದ ಹೊಡೆದು ಗುಳಿಗೆ ಬೀಳಿಸುವ ಆಟ ಅದು. ಕೋಲಿನ ಹೆಸರು ಕ್ಯೂ. ಒಂದು ಶನಿವಾರ ಮಗಳು ನಮ್ಮಿಬ್ಬರನ್ನೂ ಅಲ್ಲಿಗೆ ಅಟ್ಟಿದಳು. ಮೊಮ್ಮಗನೇ ನನ್ನ ದುಭಾಷಿ.

ಒಳ್ಳೆಯ ಕ್ಯೂ ಒಂದೇ ಮರದ ತುಂಡಲ್ಲ. ಹಿಡಿಯ ಮುಂದಿನ ಭಾಗದ ಮೇಪಲ್ ಮರದಲ್ಲಿ ಉದ್ದಕ್ಕೆ ‘ವಿ’ ಆಕಾರದ ಕಾಲುವೆ ತೋಡುತ್ತಾರೆ. ಮುಂದೆ ಹೋದಂತೆ ಅದರ ಆಳ ಕಡಿಮೆಯಾಗುತ್ತದೆ. ಒಳಗೆ ಬಣ್ಣದ ತೆಳು ಪಟ್ಟಿ ಕೂರಿಸಿ, ಮೇಲೆ ಕಪ್ಪು ಮರ ಅಂಟಿಸುತ್ತಾರೆ. ಒಣಗಿದ ಮೇಲೆ ಲೇತಿನಲ್ಲಿ ದುಂಡಗೆ ಕಡೆದಾಗ ಕಪ್ಪು ಮರ ಈಟಿಯ ಮೊನೆಯಂತೆ ಕಾಣುತ್ತದೆ, ಪಟ್ಟಿ ಅದರ ಬಣ್ಣದ ಅಂಚಾಗುತ್ತದೆ. ಪಟ್ಟಿಯ ಮೂಲೆ ಮೊಂಡಾದರೆ ಮೊನೆಯೂ ಮೊಂಡು.

ಸಾಮಾನ್ಯವಾಗಿ ತೆಳು ಮರದ ಪಟ್ಟಿಗಳ ಅಂಚನ್ನು 45 ಡಿಗ್ರಿಗೆ ಕತ್ತರಿಸಿ ಜೋಡಿಸುತ್ತಾರಂತೆ. ಅಂದು ಅವರ ಕೈಯಲ್ಲಿದ್ದುದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್. ಬಿಸಿ ಮಾಡಿ ಬಗ್ಗಿಸಿದರೆ ಮೂಲೆ ದುಂಡಗಾಗುತ್ತಿತ್ತು. ತಣ್ಣಗೆ ಬಗ್ಗಿಸಿದರೆ ಪಟಕ್ಕನೆ ಮುರಿಯುತ್ತಿತ್ತು.

ನಾನೋ ಶಾಲೆಯಲ್ಲಿ ಮಕ್ಕಳಿಂದ ರಟ್ಟಿನ ಪೆಟ್ಟಿಗೆ ಮಾಡಿಸಿದ ಮೇಷ್ಟ್ರು. ಸುಮ್ಮನಿರಲಾಗಲಿಲ್ಲ. “ಮಡಿಸುವ ಮುಂಚೆ ಗೀರು ಹಾಕಬೇಕು ಅನ್ನಪ್ಪ” ಎಂದೆ. ಅವರು ಒಳಬದಿಗೆ ಚಾಕುವಿನಿಂದ ಗೀರಿ, ಬಿಸಿ ಮಾಡಿ ಬಗ್ಗಿಸಿದರು. ಹೊರಬದಿ ಹರಿದೇ ಹೋಯಿತು. ಕೊನೆಯದಕ್ಕಿಂತ ಹಿಂದಿನ ಪಟ್ಟಿ ಅದು. ನನ್ನ ಮುಖ ಸಣ್ಣಗಾಯಿತು.

ಮೊಮ್ಮಗ ಮುರಿದ ತುಂಡುಗಳನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ. “ಅಜ್ಜ, ಒಳಗೆ ಜಾಗ ಇಲ್ಲ. ಎರಡೂ ಗುದ್ದತ್ತೆ” ಎಂದ. ಕನ್ನಡದಲ್ಲಿ!

ನಿಜವೇ. ರಟ್ಟು ಅಮುಕಿದರೆ ಕುಗ್ಗುತ್ತದೆ, ಈ ಪ್ಲಾಸ್ಟಿಕ್ ಕುಗ್ಗದು. ಬರೀ ಗೀರು ಸಾಲದು, ಒಳಗಿನದನ್ನು ತೆಗೆದುಹಾಕಬೇಕು. ಕೊನೆಯ ಪಟ್ಟಿಯ ಒಳಬದಿಯಲ್ಲಿ ಹಿರಿಯರು 90 ಡಿಗ್ರಿಯ ‘ವಿ’ ಕೊರೆದರು, ಹೊರಗೆ ಕಾಗದದಷ್ಟು ತೆಳು ಪದರ ಮಾತ್ರ ಬಿಟ್ಟರು. ಹದವಾಗಿ ಬಿಸಿ ಮಾಡಿ, ಮರದ ಅಚ್ಚಿನ ಮೂಲೆಗೆ ಒತ್ತಿ ಹಿಡಿದರು. ಎರಡು ಇಳಿಜಾರುಗಳೂ ಒಂದಕ್ಕೊಂದು ಸರಿಯಾಗಿ ಕೂತವು.

ಅದು ತಣ್ಣಗಾಗುವಷ್ಟು ಹೊತ್ತು ಅವರೊಂದು ಕಥೆ ಹೇಳಿದರು. ಹಿಂದೆ ಈ ಆಟದ ಚೆಂಡುಗಳನ್ನು ಆನೆದಂತದಿಂದ ಮಾಡುತ್ತಿದ್ದರು. ಅದಕ್ಕೆ ಬದಲಿ ಹುಡುಕುತ್ತ ಹೊರಟ ಜಾನ್ ವೆಸ್ಲಿ ಹಯಾಟ್ 1870ರಲ್ಲಿ ಸೆಲ್ಯುಲಾಯ್ಡ್ ಎಂಬ ಪ್ಲಾಸ್ಟಿಕ್ಕಿಗೆ ಪೇಟೆಂಟ್ ಪಡೆದರು. ಮೊಮ್ಮಗನಿಗೆ ‘ದಂತ’ ಎಂಬ ಪದ ಗೊತ್ತಿರಲಿಲ್ಲ. “ಆನೆ ಹಲ್ಲು ಅಜ್ಜ” ಎಂದು ಅನುವಾದಿಸಿದ. ಅದೂ ಸರಿಯೇ!

ಅಚ್ಚು ಬಿಚ್ಚಿದಾಗ ಮೂಲೆ ಹೊಸ ಪುಸ್ತಕದ ಮೂಲೆಯಂತೆ ಚೂಪಾಗಿತ್ತು. ಹಿರಿಯರು ಕೈಕುಲುಕಿದ್ದು ಮೊಮ್ಮಗನದು, ನನ್ನದಲ್ಲ.

ಈಗ ಪ್ರತಿ ಭಾನುವಾರ ಅವನದೇ ಫೋನು. ತಪ್ಪುತಪ್ಪಾದ ಕನ್ನಡದಲ್ಲಿ ಗ್ಯಾರೇಜಿನ ಸುದ್ದಿಯೆಲ್ಲ ಹೇಳುತ್ತಾನೆ. ನನ್ನ ಸಲಹೆಯಿಂದ ಮುರಿದ ಆ ಕಿತ್ತಳೆ ಪಟ್ಟಿಯ ತುಂಡು ನನ್ನ ಬಳಿಯೇ ಇದೆ, ಓದುವ ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಳ್ಳುತ್ತೇನೆ.