ಟೈರುಗಳ ವರ್ಗಾವಣೆ

ಸರಕಾರೀ ಕಛೇರಿಯಲ್ಲಿ ಹತ್ತು ವರ್ಷ ಕಳೆದ ಗುಮಾಸ್ತನಿಗೆ ವರ್ಗಾವಣೆಯ ತತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಮೇಜಿನ ಮುಂದೆ ಬಹಳ ಕಾಲ ಕುಳಿತವನು ಒಂದು ಪಕ್ಕಕ್ಕೆ ಸವೆಯುತ್ತಾನೆ. ಕಾರಿನ ಟೈರುಗಳ ಸಂಗತಿಯೂ ಇದೇ. ನಮ್ಮ ಹಳೆಯ ಮಾರುತಿ ಆಲ್ಟೊದಂಥ ಬಂಡಿಯಲ್ಲಿ ಎಂಜಿನ್ನಿನ ಭಾರ ಹೊರುವವು ಮುಂದಿನ ಗಾಲಿಗಳು. ಬಂಡಿಯನ್ನು ಎಳೆಯುವವೂ ಅವೇ, ಅತ್ತಿತ್ತ ತಿರುಗುವವೂ ಅವೇ, ಬ್ರೇಕು ಒತ್ತಿದಾಗ ಹೆಚ್ಚಿನ ಪೆಟ್ಟು ತಿನ್ನುವವೂ ಅವೇ. ಹಿಂದಿನ ಎರಡು, ಸಾಹೇಬರ ಹಾಗೆ, ಸುಮ್ಮನೆ ಉರುಳಿಕೊಂಡು ಬರುತ್ತವೆ. ಆದ್ದರಿಂದ ಎಂಟು-ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಇವುಗಳ ಸ್ಥಾನ ಬದಲಿಸುವುದು ವಾಡಿಕೆ.

ಇದನ್ನು ಮನೆಯಲ್ಲಿಯೇ ಮಾಡುತ್ತೇವೆಂದರೆ ಪುಣೆಯ ನಮ್ಮ ಸೊಸಾಯಿಟಿಯಲ್ಲಿ ನಗುವವರೇ ಹೆಚ್ಚು. ಮೊದಲು ನಾವೂ ಅಂಗಡಿಗೇ ಒಯ್ಯುತ್ತಿದ್ದೆವು. ಒಮ್ಮೆ ಒಂದು ಅಂಗಡಿಯಲ್ಲಿ (ಹೆಸರು ಬೇಡ) ನಾವು ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು, ರಸೀದಿಯೂ ತಯಾರಿತ್ತು. ಮನೆಗೆ ಬಂದ ಮೇಲೆ ನಮ್ಮ ಮಗಳು, ಎಡಗಡೆಯ ಮುಂದಿನ ಟೈರಿನ ಮೇಲೆ ಹಿಂದಿನ ದಿನ ತಾನು ಸೀಮೆಸುಣ್ಣದಿಂದ ಬರೆದಿದ್ದ ಹೂವನ್ನು ತೋರಿಸಿದಳು. ಹೂವು ಮುಂದೆಯೇ ಇತ್ತು! ಅಂದಿನಿಂದ ಈ ವರ್ಗಾವಣೆಯ ಅಧಿಕಾರವನ್ನು ನಾವೇ ವಹಿಸಿಕೊಂಡೆವು.

ನಮ್ಮಲ್ಲಿರುವುದು ಒಂದೇ ಜ್ಯಾಕು. ಆದರೂ ಸ್ಟೆಪ್ನಿಯ ಸಹಾಯದಿಂದ ಐದು ಸಲ ಎತ್ತಿದರೆ ಕೆಲಸವಾಗುತ್ತದೆ. ಮುಂದಿನ ಎಡಗಾಲಿಯನ್ನು ಬಿಚ್ಚಿ ಆ ಜಾಗದಲ್ಲಿ ಸ್ಟೆಪ್ನಿಯನ್ನು ಕೂಡಿಸುವುದು. ಬಿಚ್ಚಿದ್ದು ಹಿಂದಿನ ಎಡಕ್ಕೆ. ಅಲ್ಲಿದ್ದದ್ದು ಅಡ್ಡ ಹಾಯ್ದು ಮುಂದಿನ ಬಲಕ್ಕೆ. ಮುಂದಿನ ಬಲದ್ದು ನೇರವಾಗಿ ಹಿಂದಿನ ಬಲಕ್ಕೆ. ಹಿಂದಿನ ಬಲದ್ದು ಕೊನೆಗೆ ಮುಂದಿನ ಎಡಕ್ಕೆ ಬಂದು ಸ್ಟೆಪ್ನಿಯನ್ನು ಬಿಡುಗಡೆ ಮಾಡುವುದು. ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣವಿದ್ದರೆ ಮಾತ್ರ ಅಡ್ಡ ಹಾಯಿಸಬಾರದು. ಅದೇ ಪಕ್ಕದಲ್ಲಿ ಹಿಂದೆ-ಮುಂದೆ ಮಾಡಬೇಕು. ಸ್ಟೆಪ್ನಿ ಎಂಬ ಮಾತು ಬಂದದ್ದು ವೇಲ್ಸ್ ಸೀಮೆಯ ಲ್ಯಾನೆಲಿ ಊರಿನ ಸ್ಟೆಪ್ನಿ ಬೀದಿಯಿಂದ. ೧೯೦೪ರ ಸುಮಾರಿಗೆ ಅಲ್ಲಿಯ ಡೇವಿಸ್ ಸಹೋದರರು ಬಿಡಿ ಗಾಲಿಯನ್ನು ಮಾಡಿ ಮಾರಿದರು. ಎಲ್ಲಿಯ ಬೀದಿ, ಎಲ್ಲಿಯ ನಮ್ಮ ಹುಬ್ಬಳ್ಳಿಯ ಗ್ಯಾರೇಜು!

ಕೆಲಸದಲ್ಲಿ ಕೆಲವು ಕಟ್ಟಳೆಗಳುಂಟು. ಸಮನಾದ ಗಟ್ಟಿ ನೆಲ ಬೇಕು. ಬಂಡಿಯನ್ನು ಗೇರಿನಲ್ಲಿಟ್ಟು, ಹ್ಯಾಂಡ್ ಬ್ರೇಕು ಎಳೆದು, ಎತ್ತುವ ಮೂಲೆಗೆ ಎದುರಾದ ಮೂಲೆಯ ಗಾಲಿಗೆ ಹಿಂದೆ-ಮುಂದೆ ಇಟ್ಟಿಗೆ ಕೊಡಬೇಕು. ನಟ್ಟುಗಳನ್ನು ಗಾಲಿ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಬೇಕು. ಮೇಲೆತ್ತಿದ ಮೇಲೆ ಪಾನಾ ಹಾಕಿ ಜಗ್ಗಿದರೆ ಬಂಡಿ ಜ್ಯಾಕಿನಿಂದ ಜಾರೀತು. ಜ್ಯಾಕಿನ ಮೇಲೆ ನಿಂತ ಬಂಡಿಯ ಕೆಳಗೆ ಕೈಯಾಗಲಿ ಕಾಲಾಗಲಿ ಹೋಗಕೂಡದು. ಇದು ನಮ್ಮ ಮನೆಯಾಕೆಯ ಆಜ್ಞೆ, ಇದಕ್ಕೆ ಅಪೀಲಿಲ್ಲ. ಬಿಚ್ಚಿದ ನಟ್ಟುಗಳು ಮಗಳು ಹಿಡಿದ ತಾಟಿನಲ್ಲಿ. ಬಿಗಿಯುವಾಗ ಒಂದರ ಪಕ್ಕದ್ದನ್ನಲ್ಲ, ಎದುರಿನದನ್ನು ಬಿಗಿಯುತ್ತ ಹೋದರೆ ಗಾಲಿ ಸರಿಯಾಗಿ ಕೂಡುತ್ತದೆ. ಕೊನೆಯ ಬಿಗಿ ಗಾಲಿ ನೆಲ ಮುಟ್ಟಿದ ಮೇಲೆ.

“ಅಲ್ರೀ, ಆಫೀಸಿನ್ಯಾಗ ಒಂದು ಫೈಲು ಸರಸಾಕ ತಿಂಗಳ ತಗೋತೀರಿ, ಇಲ್ಲಿ ಎರಡು ತಾಸಿನ್ಯಾಗ ನಾಕು ವರ್ಗ ಮಾಡಿದಿರಲ್ಲ!” ಎಂದು ಮನೆಯಾಕೆ ಮೊದಲನೆಯ ಸಲ ಅಂದದ್ದುಂಟು. ನಾವು ಉತ್ತರ ಕೊಡಲಿಲ್ಲ.

ಈ ವರ್ಷ ಧಾರವಾಡದಲ್ಲಿ ನಮ್ಮ ತಾಯಿಯವರಿಗೆ ಕಣ್ಣಿನ ಪೊರೆ ತೆಗೆಸುವುದಿತ್ತು. ಸಾತಾರೆ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿಯ ಮೇಲಿಂದ ನಾನೂರಕ್ಕೆ ಮೀರಿದ ಕಿಲೋಮೀಟರುಗಳ ಹೆದ್ದಾರಿ. ನಡುವೆ ಖಂಬಾಟಕಿ ಘಾಟು. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು. ಹೊರಡುವ ಹಿಂದಿನ ಭಾನುವಾರ ಗಾಲಿಗಳ ಕೆಲಸಕ್ಕೆ ಕುಳಿತೆವು. ಮೊದಲನೆಯ ಗಾಲಿ ಕೈಗೆ ಬಂದಾಗ ಅದನ್ನು ಉರುಳಿಸಿ ಸುತ್ತಲೂ ನೋಡುವುದು ನಮ್ಮ ಪದ್ಧತಿ. ಹೊರಮೈಯಲ್ಲಿ ಅದು ಒಳ್ಳೆಯ ಗೃಹಸ್ಥ. ಗೆರೆಗಳ ಸಂದಿಯಲ್ಲಿ ಸವಕಳಿಯ ಗುರುತಿಗೆಂದು ೧.೬ ಮಿಲಿಮೀಟರ್ ಎತ್ತರದ ಸಣ್ಣ ದಿಬ್ಬಗಳಿರುತ್ತವೆ. ಅವುಗಳಿಗಿಂತ ಇನ್ನೂ ಬೇಕಾದಷ್ಟು ರಬ್ಬರು ಮೇಲಿತ್ತು. ಒಳಮೈ ತಿರುಗಿಸಿದರೆ, ಪಕ್ಕದ ಗೋಡೆಯಲ್ಲಿ ಅರ್ಧ ಲಿಂಬೆಹಣ್ಣಿನಷ್ಟು ಉಬ್ಬು!

ಮಳೆಗಾಲದ ಯಾವುದೋ ಗುಂಡಿಯ ಪ್ರಸಾದ ಅದು. ಪೆಟ್ಟಿಗೆ ಒಳಗಿನ ನೂಲುಗಳು ಹರಿದರೆ ಅಲ್ಲಿ ಗಾಳಿಯನ್ನು ತಡೆಯುವುದು ಬರೀ ರಬ್ಬರು. ಅದಕ್ಕೆ ಪಂಕ್ಚರಿನ ತೇಪೆ ನಡೆಯದು. ಬಂಡಿಯ ಹೊರಗೆ ನಿಂತು ನೋಡಿದವರಿಗೆ ಅದು ಕಾಣುವುದೂ ಇಲ್ಲ. ಮಕ್ಕಳು ಆಡುತ್ತಿದ್ದ ಕಡೆಗೆ ನೋಡಿ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಸ್ಟೆಪ್ನಿಯ ಜನ್ಮಪತ್ರಿಕೆ ನೋಡಿದೆವು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ: ಮೊದಲೆರಡು ವಾರ, ಕೊನೆಯೆರಡು ವರ್ಷ. ನಮ್ಮದು ೩೧೧೪, ಅಂದರೆ ೨೦೧೪ರ ಮೂವತ್ತೊಂದನೆಯ ವಾರದ್ದು. ನೆಲ ಕಾಣದೆ ಡಿಕ್ಕಿಯಲ್ಲಿಯೇ ಮುದಿಯಾಗಿ ಸಣ್ಣಗೆ ಬಿರುಕು ಬಿಟ್ಟಿತ್ತು. ಬಳಸದ ವಸ್ತು ಹಾಳಾಗುವುದಿಲ್ಲವೆಂಬ ನಂಬಿಕೆ ರಬ್ಬರಿಗೆ ಸಲ್ಲದು.

ಹೊಸ ಮಿಕ್ಸರಿಗೆಂದು ಕೂಡಿಟ್ಟ ಹಣ ಎರಡು ಟೈರುಗಳಿಗೆ ಹೋಯಿತು. ಮನೆಯಾಕೆ ಒಂದು ಮಾತೂ ಆಡದೆ ಡಬ್ಬಿಯಿಂದ ತೆಗೆದುಕೊಟ್ಟರು; ಒಂದೆರಡು ಮಾತು ಆಡಿದ್ದರೆ ನಮಗೆ ಹಗುರವಾಗುತ್ತಿತ್ತು. ಹೊಸವು ಎರಡನ್ನೂ ಹಿಂದೆ ಹಾಕಿದೆವು. ಒದ್ದೆಯ ರಸ್ತೆಯಲ್ಲಿ ಮುಂಭಾಗ ಜಾರಿದರೆ ವೇಗ ಇಳಿಸಿ ಸಾವರಿಸಬಹುದು, ಹಿಂಭಾಗ ಜಾರಿದರೆ ಬಂಡಿ ಗಿರಕಿ ಹೊಡೆಯುತ್ತದೆ. ಆದ್ದರಿಂದ ಒಳ್ಳೆಯ ಜೋಡಿ ಹಿಂದಿರಬೇಕೆಂಬುದು ಟೈರು ತಯಾರಿಸುವವರ ಸಲಹೆ. ಹಿಂದಿನವು ಮುಂದೆ ಬಂದವು, ಉಳಿದೊಂದು ಸ್ಟೆಪ್ನಿಯಾಯಿತು. ಬಾಗಿಲ ಪಕ್ಕದ ಚೀಟಿಯಲ್ಲಿದ್ದಷ್ಟೇ ಗಾಳಿ ತುಂಬಿಸಿದೆವು.

ಸಾತಾರೆಯಲ್ಲಿ ಚಹಾಕ್ಕೆ ನಿಂತಾಗ, ನೂರು ಕಿಲೋಮೀಟರು ಓಡಿದ ಗಾಲಿಗಳ ನಟ್ಟುಗಳನ್ನು ಇನ್ನೊಮ್ಮೆ ಪಾನಾ ಹಾಕಿ ನೋಡಿದೆವು. ಒಂದು ನಟ್ಟು ತುಸು ತಿರುಗಿತು. ದೀಪ ಹಚ್ಚುವ ಹೊತ್ತಿಗೆ ಧಾರವಾಡ ಸೇರಿದೆವು.

ಶಸ್ತ್ರಕ್ರಿಯೆಯಾಗಿ ಕಣ್ಣಿನ ಕಟ್ಟು ತೆಗೆದ ಮರುದಿನ ತಾಯಿಯವರು ಕಪ್ಪು ಕನ್ನಡಕ ಹಾಕಿಕೊಂಡು ಅಂಗಳಕ್ಕೆ ಬಂದರು. ಬಂಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದರು: “ಯಾಕಪಾ, ಹಿಂದಿನ ಗಾಲಿ ಎರಡ ಹೊಸಾವು ಅದಾವಲ್ಲ?”